ಹಕ್ಕಿ ನೋಡಲು ಶುರು ಮಾಡುವವರಿಗೆ ಮೊದಲ ಗೈಡ್ ಯಾವುದು? (ಪುಣೆಯಲ್ಲಿದ್ದೇವೆ, ಮಗಳಿಗೆ ಹತ್ತು ವರ್ಷ)

ಬಾಣೇರ್ ಅಮ್ಮ

ಎಲ್ಲರಿಗೂ ನಮಸ್ಕಾರ. ಮೂಲ ಊರು ಹುಬ್ಬಳ್ಳಿ, ಒಂಬತ್ತು ವರ್ಷದಿಂದ ಬಾಣೇರ್‌ನಲ್ಲಿದ್ದೇವೆ. ದೀಪಾವಳಿ ರಜೆಯಿಂದ ಮಗಳಿಗೆ ಹಕ್ಕಿ ಹುಚ್ಚು ಹಿಡಿದಿದೆ. ಬೆಳಿಗ್ಗೆ ಎದ್ದವಳೇ ಹಲ್ಲೂ ಉಜ್ಜದೆ ಗ್ಯಾಲರಿಗೆ ಓಡುತ್ತಾಳೆ.

ಹುಟ್ಟುಹಬ್ಬಕ್ಕೆ ನನ್ನ ತಮ್ಮ ಒಂದು ಹಕ್ಕಿ ಪುಸ್ತಕ ಕೊಟ್ಟಿದ್ದಾನೆ. ದೊಡ್ಡ ದೊಡ್ಡ ಫೋಟೋ, ನುಣುಪು ಕಾಗದ, ನೋಡಲು ತುಂಬಾ ಚೆಂದ. ಆದರೆ ಒಂದು ಹಕ್ಕಿಯೂ ಅದರಲ್ಲಿ ಸಿಗುತ್ತಿಲ್ಲ. ಹೋದ ವಾರ ದಾಸವಾಳದ ಕುಂಡಕ್ಕೆ ಒಂದು ಪುಟ್ಟ ಹಕ್ಕಿ ಬಂತು. ಗುಬ್ಬಿಗಿಂತ ಸಣ್ಣದು. ಕೊಕ್ಕು ಬಾಗಿದೆ. ಬೆನ್ನು ಮಾಸಲು ಬಣ್ಣ, ಹೊಟ್ಟೆ ಹಳದಿ. ಗಂಟಲಿಂದ ಕೆಳಗೆ ನಡುಮಧ್ಯೆ ಒಂದು ಕಪ್ಪು ಪಟ್ಟಿ. "ಅಮ್ಮಾ, ಟೈ ಹಾಕಿಕೊಂಡಿದೆ" ಅಂದಳು. ಪುಸ್ತಕ ಮೂರು ಸಲ ತಿರುವಿ ಹಾಕಿದೆವು. ಟೈ ಹಾಕಿದ ಹಕ್ಕಿ ಎಲ್ಲೂ ಇಲ್ಲ. ಈಗ ಹೊಸ ಜಾತಿ ಕಂಡುಹಿಡಿದಿದ್ದೇನೆ ಅಂತ ಕ್ಲಾಸಲ್ಲೆಲ್ಲ ಹೇಳಿಕೊಂಡು ಬಂದಿದ್ದಾಳೆ.

ಒಂದೇ ಒಂದು ಪುಸ್ತಕ ತೆಗೆದುಕೊಳ್ಳುವುದಾದರೆ ಯಾವುದು? ಅವಳ ಸ್ಕೂಲ್ ಬ್ಯಾಗಿನಲ್ಲಿ ಹಿಡಿಯಬೇಕು. ನನಗೂ ಏನೂ ಗೊತ್ತಿಲ್ಲ. ಕಾಗೆ, ಗುಬ್ಬಿ, ಗಿಳಿ, ಪಾರಿವಾಳ, ಅಲ್ಲಿಗೆ ನನ್ನ ಲಿಸ್ಟ್ ಮುಗಿಯಿತು.

ಕೋಥ್ರೂಡ್ ಕಾಕಾ

ಇದರಲ್ಲಿ ಚರ್ಚೆ ಮಾಡಲು ಏನಿದೆ? ಪಕ್ಷಿತಜ್ಞ ಸಲೀಂ ಅಲಿ ಅವರ 'ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್' ತೆಗೆದುಕೊಳ್ಳಿ. ಮೊದಲ ಮುದ್ರಣ 1941ರಲ್ಲಿ. ನಾನು ಬ್ಯಾಂಕಿಗೆ ಸೇರಿದ ವರ್ಷ ಮೊದಲ ಸಂಬಳದಲ್ಲಿ ಕೊಂಡಿದ್ದು, ಇವತ್ತಿಗೂ ತಲೆದಿಂಬಿನ ಪಕ್ಕ ಇದೆ.

ಮಗಳಿಗೆ ಒಂದು ವಿಷಯ ಹೇಳಿ. ಸಲೀಂ ಅಲಿ ಹುಡುಗನಾಗಿದ್ದಾಗ ಒಂದು ಗುಬ್ಬಿ ಹೊಡೆದರು. ನೋಡಿದರೆ ಅದರ ಗಂಟಲಲ್ಲಿ ಹಳದಿ ಮಚ್ಚೆ. ಇದ್ಯಾವ ಗುಬ್ಬಿ ಅಂತ ತಿಳಿಯದೆ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಎತ್ತಿಕೊಂಡು ಹೋದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರು ಹುಡುಗನನ್ನು ಗದರಿಸಿ ಕಳಿಸಲಿಲ್ಲ. ಒಳಗೆ ಕರೆದು ಕಪಾಟಿನಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಮುಂದಿನದ್ದೆಲ್ಲ ಅಲ್ಲಿಂದ ಶುರು. ಹಾಗಾಗಿ ಟೈ ಹಕ್ಕಿಯ ಬಗ್ಗೆ ನಗಬೇಡಿ.

ಕೋಡ್‌ಕುಟಿಗ

ಕಾಕಾ, ಈ ಕಾಲದಲ್ಲಿ ಪುಸ್ತಕ ಯಾಕೆ? ಮರ್ಲಿನ್ ಆ್ಯಪ್ ಹಾಕಿಕೊಳ್ಳಿ ಅಕ್ಕಾ. ಅಮೆರಿಕದ ಕಾರ್ನೆಲ್ ಲ್ಯಾಬ್‌ನವರದ್ದು, ಪೂರ್ತಿ ಫ್ರೀ. ಎಲ್ಲಿ ನೋಡಿದಿರಿ, ಯಾವಾಗ, ಎಷ್ಟು ದೊಡ್ಡದು, ಯಾವ ಬಣ್ಣ, ಏನು ಮಾಡುತ್ತಿತ್ತು ಅಂತ ಐದು ಪ್ರಶ್ನೆ ಕೇಳುತ್ತೆ. ಪಟ್ಟಿ ಕೊಡುತ್ತೆ. ಫೋಟೋ ಹಾಕಿದರೂ ಹೇಳುತ್ತೆ, ಕೂಗು ಕೇಳಿಸಿದರೂ ಹೇಳುತ್ತೆ. ನಮ್ಮ ಕಡೆಯ ಪ್ಯಾಕ್ ಒಮ್ಮೆ ಡೌನ್‌ಲೋಡ್ ಮಾಡಿದರೆ ನೆಟ್ ಇಲ್ಲದಿದ್ದರೂ ಕೆಲಸ ಮಾಡುತ್ತೆ. ಸಿಂಹಗಡದ ಕಣಿವೆಯಲ್ಲಿ ರೇಂಜ್ ಇರಲಿಲ್ಲ, ಆದರೂ ನನಗೆ ನಡೆಯಿತು.

ಬಾಣೇರ್ ಅಮ್ಮ

ಆ್ಯಪ್ ನನ್ನ ಫೋನಿನಲ್ಲಿ ಹಾಕಿಕೊಳ್ಳುತ್ತೇನೆ. ಆದರೆ ಅವಳ ಕೈಗೆ ಫೋನ್ ಕೊಟ್ಟರೆ ಹತ್ತು ನಿಮಿಷದಲ್ಲಿ ಹಕ್ಕಿ ಹೋಗಿ ಗೇಮ್ ಬಂದಿರುತ್ತೆ. ಅದಕ್ಕೇ ಪುಸ್ತಕ ಕೇಳಿದ್ದು.

ಹಳೇ ದುರ್ಬೀನು

ಮೊದಲು ಟೈ ಹಕ್ಕಿಯ ವಿಷಯ ಮುಗಿಸುತ್ತೇನೆ, ಪಾಪ ಹುಡುಗಿ ಕಾಯುತ್ತಿರುತ್ತಾಳೆ.

ಅದು ಸೂರಕ್ಕಿ. ಇಂಗ್ಲಿಷಿನಲ್ಲಿ ಪರ್ಪಲ್ ಸನ್‌ಬರ್ಡ್, ಗಂಡು. ನಿಮ್ಮ ಫೋಟೋ ಪುಸ್ತಕದಲ್ಲಿ ಅದು ಇದ್ದೇ ಇರುತ್ತದೆ, ತೆಗೆದು ನೋಡಿ. ಮೈಯೆಲ್ಲ ಕಪ್ಪು, ಬಿಸಿಲು ಬಿದ್ದ ಕಡೆ ನೀಲಿ, ನೇರಳೆ ಮಿಂಚು. ಆದರೆ ಅದು ಮರಿ ಮಾಡುವ ಕಾಲದ ವೇಷ. ಆ ಕಾಲ ಮುಗಿದ ಮೇಲೆ ಗಂಡು ಆ ಕೋಟು ಕಳಚುತ್ತದೆ. ಹೆಚ್ಚುಕಡಿಮೆ ಹೆಣ್ಣಿನ ಹಾಗೆ ಆಗುತ್ತದೆ, ಮೇಲೆ ಮಾಸಲು, ಕೆಳಗೆ ಹಳದಿ. ಗಂಟಲಿಂದ ಎದೆಯ ಕೆಳಗಿನವರೆಗೆ ಒಂದು ಕಪ್ಪು ಪಟ್ಟಿ ಮಾತ್ರ ಉಳಿಯುತ್ತದೆ. ಅದೇ ನಿಮ್ಮ ಮಗಳ ಟೈ. ಇದಕ್ಕೆ 'ಎಕ್ಲಿಪ್ಸ್' ಅನ್ನುತ್ತಾರೆ. ಸೂರಕ್ಕಿಗೆ ಗ್ರಹಣ ಹಿಡಿದಿದೆ ಅಂತಿಟ್ಟುಕೊಳ್ಳಿ. ಗ್ರಹಣ ಬಿಡುವುದನ್ನೂ ಅವಳು ನೋಡಬಹುದು. ಚಳಿ ಕಳೆಯುತ್ತ ಬಂದ ಹಾಗೆ ಮೈಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ತೇಪೆ ಮೂಡುತ್ತದೆ, ಶಾಯಿ ಚೆಲ್ಲಿದ ಹಾಗೆ. ದಾಸವಾಳದ ಕುಂಡ ಅಲ್ಲೇ ಇರಲಿ.

ಇದನ್ನು ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ ನಿಮ್ಮ ಪ್ರಶ್ನೆಯ ಉತ್ತರವೂ ಇದರಲ್ಲೇ ಇದೆ. ಫೋಟೋ ಅಂದರೆ ಒಂದು ಹಕ್ಕಿ, ಒಂದು ದಿನ, ಒಂದು ಬೆಳಕು. ಫೋಟೋ ತೆಗೆದವರು ತಮ್ಮ ಅತಿ ಚೆಂದದ ಫೋಟೋವನ್ನೇ ಪುಸ್ತಕಕ್ಕೆ ಕೊಟ್ಟಿರುತ್ತಾರೆ. ಅಂದರೆ ಮದುವೆ ದಿನದ ಮದುಮಗ. ನಿಮ್ಮ ಗ್ಯಾಲರಿಗೆ ಬರುವವನು ಬನಿಯನ್ ಹಾಕಿಕೊಂಡು ಹಾಲು ತರಲು ಹೊರಟವನು. ಎರಡೂ ಒಂದೇ ಮುಖ ಅಂತ ಗೊತ್ತಾಗುವುದು ಹೇಗೆ?

ಕೈಯಲ್ಲಿ ಬರೆದ ಚಿತ್ರಗಳಿರುವ ಗೈಡಿನಲ್ಲಿ ಒಂದೇ ಪುಟದಲ್ಲಿ ಗಂಡು, ಹೆಣ್ಣು, ಗ್ರಹಣದ ಗಂಡು, ಎಲ್ಲ ಒಂದೇ ಭಂಗಿಯಲ್ಲಿ ಕೂತಿರುತ್ತವೆ. ಪಕ್ಕದಲ್ಲೇ ಅದೇ ತರಹದ ಬೇರೆ ಸೂರಕ್ಕಿಗಳೂ ಇರುತ್ತವೆ. ವ್ಯತ್ಯಾಸ ಎಲ್ಲಿದೆ ಅಂತ ಕಣ್ಣಿಗೆ ಹೊಡೆಯುತ್ತದೆ.

ಹಾಗಾಗಿ ಯಾರು ಯಾವ ಹೆಸರು ಹೇಳಿದರೂ ಅಂಗಡಿಗೆ ಹೋಗಿ ಒಂದು ಪರೀಕ್ಷೆ ಮಾಡಿ. ಸೂರಕ್ಕಿಯ ಪುಟ ತೆಗೆಯಿರಿ. ಪರ್ಪಲ್ ಸನ್‌ಬರ್ಡ್‌ಗೆ ಎಷ್ಟು ಚಿತ್ರ ಇದೆ ಎಣಿಸಿ. ಒಂದೇ ಇದ್ದರೆ ಪುಸ್ತಕ ವಾಪಸ್ ಇಟ್ಟುಬಿಡಿ. ಮೂರಿದ್ದು ಅದರಲ್ಲೊಂದು ಟೈ ಹಾಕಿದ್ದರೆ ದುಡ್ಡು ಕೊಡಿ.

ಬಾಣೇರ್ ಅಮ್ಮ

ಅಯ್ಯೋ ಇದೆ! ಪುಟ ತೆಗೆದು ನೋಡಿದೆ. ಕಪ್ಪಗೆ ಹೊಳೆಯುತ್ತಾ ಕೂತಿದೆ. ಒಂದೇ ಫೋಟೋ. ಮಗಳಿಗೆ ಹೇಳಿದೆ. ಹೊಸ ಜಾತಿ ಅಲ್ಲ ಅಂತ ಒಂದು ನಿಮಿಷ ಮುಖ ಬಾಡಿತು. ಆಮೇಲೆ "ಹಾಗಾದರೆ ಅದು ವೇಷ ಬದಲಿಸುವಾಗ ನಾನೇ ಮೊದಲು ನೋಡುತ್ತೇನೆ" ಅಂದಳು.

ಸರ್, ಒಂದು ಹೆಸರಾದರೂ ಹೇಳಿಬಿಡಿ.

ಹಳೇ ದುರ್ಬೀನು

ನಾನು ಉಪಯೋಗಿಸುವುದು ಗ್ರಿಮ್ಮೆಟ್ ಮತ್ತು ಇನ್‌ಸ್ಕಿಪ್ ಜೋಡಿಯ 'ಬರ್ಡ್ಸ್ ಆಫ್ ದಿ ಇಂಡಿಯನ್ ಸಬ್‌ಕಾಂಟಿನೆಂಟ್'. ಇನ್‌ಸ್ಕಿಪ್ ಇಬ್ಬರು, ಗಂಡ ಹೆಂಡತಿ. 1998ರಲ್ಲಿ ದಪ್ಪ ಪುಸ್ತಕ ಬಂತು, ಮರುವರ್ಷ ಪಾಕೆಟ್ ಗೈಡ್. 2011ರಲ್ಲಿ ಎರಡನೇ ಆವೃತ್ತಿ. ಈ ಎರಡನೇ ಆವೃತ್ತಿಯಲ್ಲಿ ಒಂದು ಪುಟದಲ್ಲಿ ಚಿತ್ರ, ಎದುರು ಪುಟದಲ್ಲಿ ವಿವರ, ಎಲ್ಲೆಲ್ಲಿ ಸಿಗುತ್ತದೆ ಅನ್ನುವ ಪುಟ್ಟ ನಕ್ಷೆ. ಸೂರಕ್ಕಿ ಪರೀಕ್ಷೆಯಲ್ಲಿ ಪಾಸು.

ಪಾಕೆಟ್ ಅಂತ ಹೆಸರಿದೆ ಅಷ್ಟೆ. ಅದು ಹಿಡಿಯುವ ಜೇಬು ಹೊಲಿಯುವ ದರ್ಜಿ ನನಗೆ ಇನ್ನೂ ಸಿಕ್ಕಿಲ್ಲ. ಬ್ಯಾಗಿನಲ್ಲಿ ಆರಾಮಾಗಿ ಹೋಗುತ್ತದೆ.

ಕೋಥ್ರೂಡ್ ಕಾಕಾ

ದುರ್ಬೀನು ಸರ್, ಮದುಮಗನ ಮಾತು ಒಪ್ಪಿದೆ. ಆದರೆ ಹತ್ತು ವರ್ಷದ ಕೂಸಿಗೆ ಉಪಖಂಡದ ಎಲ್ಲ ಹಕ್ಕಿ ಇರುವ ಪುಸ್ತಕ ಕೊಡುತ್ತೀರಾ? ಭಾರತದಲ್ಲೇ 1,300ಕ್ಕೂ ಹೆಚ್ಚು ಜಾತಿ ಇವೆ. ಲಡಾಖಿನಿಂದ ಅಂಡಮಾನಿನವರೆಗೆ ಎಲ್ಲ ತುಂಬಿದ್ದಾರೆ. ಬಾಣೇರ್‌ನಲ್ಲಿ ಕೂತ ಹುಡುಗಿ ಹಿಮಾಲಯದ ಕಾಡುಕೋಳಿಗಳ ಪುಟ ತಿರುವುತ್ತಾ ಕೂರಬೇಕಾ?

ಸಲೀಂ ಅಲಿ ಪುಸ್ತಕದ ಹೊಸ ಆವೃತ್ತಿಯಲ್ಲಿ ಐನೂರು ಚಿಲ್ಲರೆ ಹಕ್ಕಿ. ಅದೇ ಜಾಸ್ತಿ ಆಯಿತು. ಇನ್ನೊಂದು ಇದೆ. ಅದರಲ್ಲಿ ಹಕ್ಕಿಯ ಅಳತೆ ಹೇಳುವುದು ಹೇಗೆ ಗೊತ್ತಾ? ಗುಬ್ಬಿಯಷ್ಟು, ಬುಲ್‌ಬುಲ್‌ನಷ್ಟು, ಮೈನಾದಷ್ಟು, ಕಾಗೆಯಷ್ಟು, ಹದ್ದಿನಷ್ಟು. ಸ್ವಲ್ಪ ದೊಡ್ಡದಾದರೆ ಪಕ್ಕದಲ್ಲಿ ಪ್ಲಸ್, ಸಣ್ಣದಾದರೆ ಮೈನಸ್. ಹತ್ತೊಂಬತ್ತು ಸೆಂಟಿಮೀಟರ್ ಅಂದರೆ ಮಗುವಿಗೆ ಏನು ತಿಳಿಯಬೇಕು? ಮರದ ಮೇಲೆ ಕೂತ ಹಕ್ಕಿಗೆ ಸ್ಕೇಲ್ ಹಿಡಿಯಲು ಆಗುತ್ತಾ? "ಮೈನಾಗಿಂತ ಸಣ್ಣದು" ಅಂದರೆ ಮುಗಿಯಿತು.

ಅವರು ಬರೆದದ್ದನ್ನು ಓದಿದರೆ ಹಕ್ಕಿ ಕಣ್ಣ ಮುಂದೆ ಓಡಾಡುತ್ತದೆ. ಹೇಗೆ ನಡೆಯುತ್ತದೆ, ಬಾಲ ಹೇಗೆ ಕುಣಿಸುತ್ತದೆ, ಎಲ್ಲ ಇರುತ್ತದೆ. ಈಗಿನ ಗೈಡುಗಳಲ್ಲಿ ಟೆಲಿಗ್ರಾಂ ಭಾಷೆ.

ಕೋಡ್‌ಕುಟಿಗ

ಕಾಕಾ, ನಿಮ್ಮ ಪುಸ್ತಕದಲ್ಲಿ ಕೆಂಬೂತಕ್ಕೆ ಏನು ಹೆಸರಿದೆ?

ಕೋಥ್ರೂಡ್ ಕಾಕಾ

ಕ್ರೋ-ಫೆಸೆಂಟ್. ಯಾಕೆ?

ಕೋಡ್‌ಕುಟಿಗ

ಅದನ್ನು ಆ್ಯಪ್‌ನಲ್ಲಿ ಹುಡುಕಿ ನೋಡಿ, ನಾನು ಕಾಯುತ್ತೇನೆ 😄 ಈಗ ಅದು ಗ್ರೇಟರ್ ಕೌಕಲ್. ಎದೆ ಬಿಳಿ ಇರುವ ನೀಲಿ ಮಿಂಚುಳ್ಳಿ ನಿಮಗೆ ವೈಟ್-ಬ್ರೆಸ್ಟೆಡ್, ನಮಗೆ ವೈಟ್-ಥ್ರೋಟೆಡ್. ನಿಮ್ಮ ಪರಯ್ಯಾ ಕೈಟ್ ಈಗ ಬ್ಲ್ಯಾಕ್ ಕೈಟ್. ಮಗು ಒಂದು ಕಡೆ ಒಂದು ಹೆಸರು ಕಲಿತು ಇನ್ನೊಂದು ಕಡೆ ಹುಡುಕಿದರೆ ತಲೆ ಕೆಡುತ್ತೆ ಅಲ್ವಾ?

ಕೋಥ್ರೂಡ್ ಕಾಕಾ

ಹೆಸರು ಬದಲಾಯಿಸಿದವರು ನೀವು. ಹಕ್ಕಿ ಹಾಗೇ ಇದೆ.

ಧಾರವಾಡ ಫೇಡಾ

ಕಾಕಾ 🔥🔥

ಹಳೇ ದುರ್ಬೀನು

ಕಾಕಾ ಹೇಳಿದ ಅಳತೆಯ ಮಾತು ಚಿನ್ನದಂಥದ್ದು, ಪುಸ್ತಕ ಯಾವುದೇ ಇರಲಿ ಅದನ್ನು ಕಲಿಸಿ. ಸಲೀಂ ಅಲಿ ಓದಲು ಚೆಂದ, ಹುಡುಕಲು ಕಷ್ಟ. ನನ್ನ ಹಳೇ ಪ್ರತಿಯಲ್ಲಿ ಚಿತ್ರ ಒಂದು ಕಡೆ, ವಿವರ ಇನ್ನೊಂದು ಕಡೆ. ಕೆರೆ ದಂಡೆಯಲ್ಲಿ ಪುಟ ತಿರುವುವಷ್ಟರಲ್ಲಿ ಹಕ್ಕಿ ಹಾರಿಹೋಗಿರುತ್ತದೆ. ಮನೆಗೆ ಬಂದು ಊಟ ಮಾಡಿ ಕಾಲು ಚಾಚಿ ಓದಲು ಮಾತ್ರ ಅದರಂಥ ಪುಸ್ತಕ ಇಲ್ಲ.

ಫೋಂಡಾ ಪರದೇಸಿ

ಗೋವಾದಿಂದ. 1,300 ಹಕ್ಕಿಯ ಭಯಕ್ಕೆ ನಾನು ಮಾಡಿದ್ದು ಹೇಳುತ್ತೇನೆ. ನನ್ನದೂ ಅದೇ ಗ್ರಿಮ್ಮೆಟ್ ಪುಸ್ತಕ, ಎರಡನೇ ಆವೃತ್ತಿ. ಮೊದಲ ತಿಂಗಳು ದಿನಾ ಒಂದು ಅಪರೂಪದ ಹಕ್ಕಿ ನೋಡುತ್ತಿದ್ದೆ. ಒಂದು ದಿನ ಬೊಂಡ್ಲಾದಲ್ಲಿ ನೋಡಿದ್ದು ಅಸ್ಸಾಂ ಕಡೆಯ ಹಕ್ಕಿ ಅಂತ ಗಟ್ಟಿಯಾಗಿ ವಾದ ಮಾಡಿದೆ. ಜೊತೆಗಿದ್ದವರು ಸುಮ್ನೆ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. ನಮ್ಮ ಕಡೆ ನಕ್ಷೆ ಖಾಲಿ. ಚಿತ್ರ ನೋಡುವ ಮೊದಲು ನಕ್ಷೆ ನೋಡಬೇಕು ಅಂತ ಅವತ್ತು ಕಲಿತೆ.

ಆಮೇಲೆ ಒಂದು ಭಾನುವಾರ ಕೂತು, ಹಕ್ಕಿ ನೋಡುವವರೆಲ್ಲ ತಾವು ಕಂಡದ್ದನ್ನು ದಾಖಲಿಸುವ ಈಬರ್ಡ್ ಸೈಟಿನಲ್ಲಿ ನಮ್ಮ ಊರ ಹತ್ತಿರದ ಮೂರು ಜಾಗದ ಪಟ್ಟಿ ತೆಗೆದೆ. ಕರಮಳಿ ಕೆರೆ, ಚೋರಾಂವ್ ದ್ವೀಪದ ಸಲೀಂ ಅಲಿ ಪಕ್ಷಿಧಾಮ, ಬೊಂಡ್ಲಾ. ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಯಾವ ಹಕ್ಕಿ ಯಾವ ತಿಂಗಳಲ್ಲಿ ಎಷ್ಟು ಸಲ ಕಂಡಿದೆ ಅಂತ ಹಸಿರು ಪಟ್ಟಿಗಳಲ್ಲಿ ತೋರಿಸುತ್ತದೆ. ಪಟ್ಟಿ ದಪ್ಪ ಇದ್ದರೆ ಮಾಮೂಲಿ ಹಕ್ಕಿ, ಸಣ್ಣ ಇದ್ದರೆ ಅಪರೂಪ, ಚಳಿಗಾಲದಲ್ಲಿ ಮಾತ್ರ ಇದ್ದರೆ ವಲಸೆ ಬರುವಂಥದ್ದು. ದಪ್ಪ ಪಟ್ಟಿಯವಕ್ಕೆಲ್ಲ ಪುಸ್ತಕದಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಟ್ಟೆ. ಅಷ್ಟು ದಪ್ಪ ಪುಸ್ತಕ ಒಂದೇ ದಿನದಲ್ಲಿ ತೆಳ್ಳಗಾಯಿತು. ಅಕ್ಕಾ, ನೀವು ಪಾಷಾಣ್ ಕೆರೆಯ ಪಟ್ಟಿ ತೆಗೆದು ಮಗಳ ಕೈಯಲ್ಲೇ ಚುಕ್ಕೆ ಹಾಕಿಸಿ. ಅರ್ಧ ಹಕ್ಕಿ ಅಲ್ಲೇ ಕಲಿತಿರುತ್ತಾಳೆ.

ದಕ್ಷಿಣ ಭಾರತದ ಹಕ್ಕಿಗಳು ಮಾತ್ರ ಇರುವ ತೆಳು ಪುಸ್ತಕವೂ ಇದೇ ಬಳಗದವರದ್ದು ಇದೆ. ಸಿಕ್ಕರೆ ನೋಡಿ.

ಮಾಟುಂಗಾ ಮೈನಾ

ಎಲ್ಲಿ ಕೊಳ್ಳಬೇಕು ಅನ್ನುವುದೂ ಮುಖ್ಯ ಮೇಡಂ. ನಾನು ಅರ್ಧ ಬೆಲೆಗೆ ಸಿಗುತ್ತೆ ಅಂತ ಆನ್‌ಲೈನಿನಲ್ಲಿ ತರಿಸಿದೆ. ಮಾರಿದವರ ಹೆಸರು ಬೇಡ ಬಿಡಿ. ಬಂದದ್ದು ನಕಲಿ ಪ್ರಿಂಟ್. ರಟ್ಟು ಥೇಟ್ ಅದೇ. ಒಳಗೆ ತೆಗೆದರೆ ಗಿಳಿಗಳೆಲ್ಲ ನೀಲಿ. ಬಣ್ಣದ ಅಚ್ಚು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ, ಪ್ರತಿ ಹಕ್ಕಿಗೂ ಪಕ್ಕದಲ್ಲಿ ಒಂದು ಕೆಂಪು ನೆರಳು. ಒಂದು ತಿಂಗಳು ನಾನು ಶಿವಡಿಯಲ್ಲಿ ಕೆಂಪು ಅಂಚಿನ ಹಕ್ಕಿಗಳನ್ನೇ ಹುಡುಕುತ್ತಿದ್ದೆ. ವಾಪಸ್ ತೆಗೆದುಕೊಳ್ಳಲಿಲ್ಲ. ಹಕ್ಕಿ ಪುಸ್ತಕದಲ್ಲಿ ಬಣ್ಣ ತಪ್ಪಿದರೆ ಅದು ರದ್ದಿ.

ಮುಂಬೈಗೆ ಬಂದರೆ ಫೋರ್ಟಿನಲ್ಲಿ ಲಯನ್ ಗೇಟ್ ಎದುರು ಹಾರ್ನ್‌ಬಿಲ್ ಹೌಸ್‌ಗೆ ಹೋಗಿ. ಕಾಕಾ ಹೇಳಿದ ಸೊಸೈಟಿ ಈಗ ಇರುವುದು ಅಲ್ಲೇ. 1883ರಿಂದ ಇರುವ ಸಂಸ್ಥೆ. ಅವರ ಪುಸ್ತಕ ಅವರ ಕೈಯಿಂದಲೇ ಸಿಗುತ್ತದೆ. ಪುಣೆಯಲ್ಲಾದರೆ ಅಪ್ಪಾ ಬಳವಂತ ಚೌಕದಲ್ಲಿ ಅಂಗಡಿ ಅಂಗಡಿ ಕೇಳಿ, ಬಿಚ್ಚಿ ನೋಡಿ ಕೊಳ್ಳಬಹುದು. ಗಿಳಿ ಹಸಿರಾಗಿದೆಯಾ ಅಂತ ಮೊದಲು ನೋಡಿ!

ಕುಂದಾಪ್ರದ ಕೆಂಬೂತ

ನನ್ನ ಹೆಸರು ಚರ್ಚೆಗೆ ಬಂದದ್ದಕ್ಕೆ ಬಂದೆ. ಇಂಗ್ಲಿಷ್ ಹೆಸರು ಬದಲಾದರೆ ಬದಲಾಗಲಿ, ಮನೆಯಲ್ಲಿ ಕನ್ನಡ ಹೆಸರು ಕಲಿಸಿ ಅಕ್ಕ. ನನ್ನ ಮಗ ಇಲ್ಲೇ ಚಿಂಚವಡದಲ್ಲಿ ಬೆಳೆದವನು. ಮರಾಠಿ ಗೆಳೆಯರ ಜೊತೆ ಕೆಂಬೂತಕ್ಕೆ ಭಾರದ್ವಾಜ ಅಂತಾನೆ. ಕಾಜಾಣಕ್ಕೆ ಕೋತವಾಲ, ಮಿಂಚುಳ್ಳಿಗೆ ಖಂಡ್ಯಾ, ಮಡಿವಾಳಕ್ಕೆ ದಯಾಳ. ಅಜ್ಜಿಗೆ ಫೋನ್ ಮಾಡಿ "ಇವತ್ತು ಭಾರದ್ವಾಜ ನೋಡಿದೆ" ಅಂದ. ಅಜ್ಜಿ "ಯಾವ ಋಷಿ ಮಗಾ?" ಅಂದರು.

ಧಾರವಾಡ ಫೇಡಾ

😂😂 ಮರಾಠಿ ಹೆಸರೂ ಚೆಂದವೇ ನೋಡ್ರಿ. ಕಾಪರ್‌ಸ್ಮಿತ್ ಬಾರ್ಬೆಟ್‌ಗೆ ತಾಂಬಟ್ ಅಂತಾರೆ, ನಾವು ಕಂಚುಗಾರ ಅಂತೀವಿ. ಟುಕ್ ಟುಕ್ ಟುಕ್ ಅಂತ ಪಾತ್ರೆ ಬಡಿಯುವ ಸದ್ದು ಮೂರೂ ಭಾಷೆಯವರಿಗೆ ಒಂದೇ ತರ ಕೇಳಿಸಿದೆ. ಟೈಲರ್‌ಬರ್ಡ್ ಮರಾಠಿಯಲ್ಲಿ ಶಿಂಪಿ, ನಮ್ಮಲ್ಲಿ ಸಿಂಪಿಗ. ಇಂಡಿಯನ್ ಪಿಟ್ಟಾ ಮಾತ್ರ ಎರಡೂ ಕಡೆ ನವರಂಗವೇ.

ಹಳೇ ದುರ್ಬೀನು

ಹೆಸರಿನ ಮಾತು ಬಂತು, ಕನ್ನಡ ಪುಸ್ತಕದ ಮಾತು ಬರಲಿಲ್ಲ. ತೇಜಸ್ವಿಯವರ 'ಕನ್ನಡ ನಾಡಿನ ಹಕ್ಕಿಗಳು' ಇದೆ, 'ಮಿಂಚುಳ್ಳಿ', 'ಹೆಜ್ಜೆ ಮೂಡದ ಹಾದಿ' ಅಂತ ಎರಡು ಭಾಗ. ಕೈಯಲ್ಲಿ ಹಿಡಿದು ಹುಡುಕುವ ಗೈಡ್ ಅಂತ ಅಲ್ಲ, ಓದಿ ಹೇಳಲು. ಬೆಳಿಗ್ಗೆ ನೋಡಿದ ಹಕ್ಕಿಯ ಪುಟವನ್ನು ರಾತ್ರಿ ಮಲಗುವಾಗ ಅಮ್ಮ ಓದಿದರೆ ಹೆಸರು ತಾನಾಗಿ ಕೂರುತ್ತದೆ. ಮಗಳಿಗೆ ಕನ್ನಡ ಓದಲು ಬರದಿದ್ದರೂ ಅಡ್ಡಿಯಿಲ್ಲ.

ಬಾಣೇರ್ ಅಮ್ಮ

ಮಾತಾಡುತ್ತಾಳೆ, ಓದಲು ಬರಲ್ಲ. ಹೋದ ಸಲ ಹುಬ್ಬಳ್ಳಿಯಲ್ಲಿ ಬಸ್ ಬೋರ್ಡ್ ಓದಲು ಹೋಗಿ 'ಗದಗ'ವನ್ನು ಮೂರು ನಿಮಿಷ ಓದಿದಳು. ಇದೊಂದು ನೆಪ ಆಗಬಹುದು. ತರಿಸುತ್ತೇನೆ.

ಮೋಡ ಕವಿದ ಮುಲ್ಶಿ

ಫೋಟೋ ಪುಸ್ತಕ ವರ್ಸಸ್ ಚಿತ್ರದ ಪುಸ್ತಕಕ್ಕೆ ನನ್ನದೊಂದು ಸಾಕ್ಷಿ. ಕೊಳಬಕ. ಮುಳಾ ನದಿ ದಂಡೆಯಲ್ಲಿ ದಿನಾ ಕೂತಿರುತ್ತದೆ, ಮಣ್ಣಿನ ಬಣ್ಣ, ಪಕ್ಕಕ್ಕೆ ಹೋದರೂ ಕಾಣಲ್ಲ. ಎದ್ದು ಹಾರಿದರೆ ರೆಕ್ಕೆಯೆಲ್ಲ ಹಾಲುಬಿಳಿ. ಎರಡು ತಿಂಗಳು ನಾನು ಅದನ್ನು ಎರಡು ಹಕ್ಕಿ ಅಂದುಕೊಂಡಿದ್ದೆ. ಕಂದು ಹಕ್ಕಿ ಮಾಯವಾಗುತ್ತೆ, ಎಲ್ಲಿಂದಲೋ ಬೆಳ್ಳಕ್ಕಿ ಹಾರುತ್ತೆ, ಇದೇನಪ್ಪಾ ಅಂತ. ನನ್ನ ಫೋಟೋ ಪುಸ್ತಕದಲ್ಲಿ ಕೂತ ಹಕ್ಕಿ ಮಾತ್ರ ಇತ್ತು. ಚಿತ್ರದ ಗೈಡಿನಲ್ಲಿ ಹಾರುವ ಚಿತ್ರವೂ ಪಕ್ಕದಲ್ಲೇ ಇತ್ತು.

ಸೂರಕ್ಕಿ ಪರೀಕ್ಷೆ ಆದ ಮೇಲೆ ಕೊಳಬಕ ಪರೀಕ್ಷೆಯನ್ನೂ ಮಾಡಿ.

ಕೋಡ್‌ಕುಟಿಗ

ಎಲ್ಲ ಸರಿ, ಆದರೆ ಕೂಗು? ಯಾವ ಪುಸ್ತಕ ಕೂಗು ಕೇಳಿಸುತ್ತೆ? 'ಚೀವ್-ಚೀವ್-ವೀ' ಅಂತ ಬರೆದಿರುತ್ತಾರೆ. ಅದು ಯಾರ ಬಾಯಲ್ಲಿ ಹೇಗೆ ಬರುತ್ತೋ ದೇವರಿಗೇ ಗೊತ್ತು. ಅಲ್ಲಿ ಆ್ಯಪ್ ಬೇಕೇ ಬೇಕು.

ಫೋಂಡಾ ಪರದೇಸಿ

ಬೇಕು, ಆದರೆ ಅದು ಹೇಳಿದ್ದೆಲ್ಲ ವೇದ ಅಲ್ಲ. ಮೊಲೆಮ್ ಕಾಡಿನಲ್ಲಿ ಹತ್ತು ನಿಮಿಷ ರೆಕಾರ್ಡ್ ಮಾಡಿದೆ. ಎಂಟು ಹಕ್ಕಿ ತೋರಿಸಿತು. ಶಿಕ್ರಾ, ಅಂದರೆ ಪುಟ್ಟ ಬೇಟೆಹಕ್ಕಿ, ಅದೂ ಇದೆ ಅಂತು. ಖುಷಿಯಿಂದ ಮೇಲೆ ನೋಡಿದರೆ ಒಂದೇ ಒಂದು ಭೀಮರಾಜ ಕೂತಿದೆ, ಬಾಲದಲ್ಲಿ ಎರಡು ಉದ್ದನೆಯ ತಂತಿ ನೇತಾಡುತ್ತಿದೆ. ಅದು ಊರಿನ ಹಕ್ಕಿಗಳದ್ದೆಲ್ಲ ಮಿಮಿಕ್ರಿ ಮಾಡುತ್ತದೆ. ಆ್ಯಪ್ ಪಾಪ ಅದರ ಬಲೆಗೆ ಬಿತ್ತು. ನಾನೂ ಬಿದ್ದೆ.

ಕೇಳಿಸಿತು ಅಂತ ಹೇಳಿದ್ದನ್ನು ಕಣ್ಣಿಂದ ನೋಡುವವರೆಗೆ ಪುಸ್ತಕದಲ್ಲಿ ಟಿಕ್ ಹಾಕಬೇಡಿ.

ಹಳೇ ದುರ್ಬೀನು

ಆ್ಯಪ್‌ನಲ್ಲಿರುವ ಕೂಗನ್ನು ಜೋರಾಗಿ ಹಾಕಿ ಹಕ್ಕಿ ಕರೆಸಲು ಹೋಗಬೇಡಿ, ಇದನ್ನು ಮಗಳಿಗೆ ಈಗಲೇ ಹೇಳಿ. ಹೋದ ಬೇಸಿಗೆ ಸಿಂಹಗಡದ ಕಣಿವೆಯಲ್ಲಿ ನಾಲ್ಕು ಕ್ಯಾಮರಾದವರು ನವರಂಗದ ಕೂಗನ್ನು ಸ್ಪೀಕರಿನಲ್ಲಿ ಮತ್ತೆ ಮತ್ತೆ ಹಾಕುತ್ತಿದ್ದರು. ಬೇರೆ ಗಂಡು ತನ್ನ ಜಾಗಕ್ಕೆ ಬಂದಿದೆ ಅಂತ ಪಾಪ ಆ ಹಕ್ಕಿ ಮೇವು ಬಿಟ್ಟು, ಗೂಡು ಬಿಟ್ಟು ಜಗಳಕ್ಕೆ ಬರುತ್ತದೆ. ಬಂದು ನೋಡಿದರೆ ಯಾರೂ ಇಲ್ಲ. ಮತ್ತೆ ಕೂಗು. ನನಗೆ ರೇಗಿ ನಾಲ್ಕು ಮಾತು ಅಂದೆ, ಅವರೂ ಅಂದರು. ಬಿಡಿ, ಆ ಕಥೆ ಬೇಡ.

ಕೋಥ್ರೂಡ್ ಕಾಕಾ

ಆ ಪುಸ್ತಕದ ಇಂಗ್ಲಿಷ್ ಮಗುವಿಗೆ ಅರ್ಥ ಆಗುತ್ತಾ ಅಂತ ಯಾರೂ ಹೇಳಲಿಲ್ಲ. ನಾನೂ ನೋಡಿದ್ದೇನೆ ಅದನ್ನು. ಪ್ರತಿ ಸಾಲಿನಲ್ಲೂ ಸೂಪರ್‌ಸಿಲಿಯಮ್, ವೆಂಟ್, ರಂಪ್.

ಹಳೇ ದುರ್ಬೀನು

ಕಾಕಾ ಹೇಳಿದ್ದು ನಿಜ. ಪುಸ್ತಕದ ಮೊದಲಲ್ಲಿ ಹಕ್ಕಿಯ ಮೈಯ ಚಿತ್ರ ಇರುತ್ತದೆ, ಯಾರೂ ನೋಡಲ್ಲ. ಮೊದಲ ದಿನ ಅದೊಂದೇ ಪುಟ ಸಾಕು. ಸೂಪರ್‌ಸಿಲಿಯಮ್ ಅಂದರೆ ಹುಬ್ಬು, ಕಣ್ಣಿನ ಮೇಲಿನ ಗೆರೆ. ರಂಪ್ ಅಂದರೆ ಬಾಲದ ಬುಡ, ಬೆನ್ನಿನ ಕಡೆ. ವೆಂಟ್ ಅಂದರೆ ಬಾಲದ ಬುಡ, ಹೊಟ್ಟೆಯ ಕಡೆ. ಮಗಳ ಕೈಯಲ್ಲೇ ಒಂದು ಹಕ್ಕಿ ಬರೆಸಿ ಕನ್ನಡದಲ್ಲಿ ಹೆಸರು ಹಾಕಿಸಿ.

ನಿಮ್ಮ ಸೊಸೈಟಿಯಲ್ಲೇ ಇರುವ ಪಿಕಳಾರ ತೆಗೆದುಕೊಳ್ಳಿ, ಬುಲ್‌ಬುಲ್. ಎರಡು ತರ ಸಿಗುತ್ತದೆ. ಒಂದರ ಹೆಸರು ರೆಡ್-ವೆಂಟೆಡ್. ಹೆಸರಿನಲ್ಲೇ ಗುರುತಿದೆಯಲ್ಲ, ಬಾಲದ ಕೆಳಗೆ ಕೆಂಪು ಕಂಡರೆ ಅದೇ ಅಂತ ಎಲ್ಲರೂ ಬರೆದುಬಿಡುತ್ತಾರೆ. ಆದರೆ ಇನ್ನೊಂದಕ್ಕೂ, ರೆಡ್-ವಿಸ್ಕರ್ಡ್‌ಗೂ, ಬಾಲದ ಕೆಳಗೆ ಕೆಂಪೇ! ಅದರ ಗುರುತು ಬೇರೆ. ತಲೆ ಮೇಲೆ ಚೂಪಾದ ಜುಟ್ಟು, ಕೆನ್ನೆ ಬಿಳಿ, ಕಣ್ಣಿನ ಹಿಂದೆ ಕೆಂಪು ಚುಕ್ಕೆ. ಮೊದಲನೆಯದರ ತಲೆ ಕಪ್ಪು, ಹಾರುವಾಗ ಬೆನ್ನಿನ ಕಡೆ ಬಾಲದ ಬುಡದಲ್ಲಿ ಬಿಳಿ ಕಾಣುತ್ತದೆ. ಒಂದೇ ಗುರುತು ಹಿಡಿದು ಹೆಸರು ಇಟ್ಟರೆ ಹೀಗೆ ಎಡವುತ್ತೇವೆ. ಗೈಡ್ ತೆರೆಯುವ ಮೊದಲು ತಲೆ, ಎದೆ, ಬೆನ್ನು, ಬಾಲ ನಾಲ್ಕನ್ನೂ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಪುಸ್ತಕ ಮೊದಲು ತೆಗೆದರೆ ಅಲ್ಲಿ ಇದ್ದದ್ದೇ ಹಕ್ಕಿಯ ಮೇಲೂ ಕಾಣಲು ಶುರುವಾಗುತ್ತದೆ. ನನಗೆ ಈಗಲೂ ಆಗುತ್ತದೆ, ಮೂವತ್ತು ವರ್ಷದ ಮೇಲೂ.

ಹಿಂಜವಾಡಿ ಟ್ರಾಫಿಕ್

ಇಷ್ಟೆಲ್ಲ ಓದಿ ನನ್ನ ದುಃಖ ಹೇಳಿಕೊಳ್ಳುತ್ತೇನೆ. ಆಫೀಸಿನಲ್ಲಿ ಹಕ್ಕಿ ಇಷ್ಟ ಅಂತ ಒಂದು ಸಲ ಬಾಯಿ ಬಿಟ್ಟೆ. ಟೀಮಿನವರೆಲ್ಲ ದುಡ್ಡು ಹಾಕಿ ರಾಸ್ಮುಸೆನ್ ಮತ್ತು ಆಂಡರ್ಟನ್ ಅವರ 'ಬರ್ಡ್ಸ್ ಆಫ್ ಸೌತ್ ಏಷ್ಯಾ' ಉಡುಗೊರೆ ಕೊಟ್ಟರು. ಎರಡು ಸಂಪುಟ. ಎರಡನೆಯದರಲ್ಲಿ ಅಳತೆ, ಕೂಗಿನ ಗ್ರಾಫು, ಏನೇನೋ. ದೊಡ್ಡ ವಿದ್ವಾಂಸರ ಪುಸ್ತಕ, ತಪ್ಪು ಹೇಳಲ್ಲ. ಆದರೆ ನನಗೆ ಆಗ ಗುಬ್ಬಿಯ ಗಂಡು ಹೆಣ್ಣೂ ಗೊತ್ತಿರಲಿಲ್ಲ. ಮೂರು ವರ್ಷದಿಂದ ಟಿವಿ ಅದರ ಮೇಲೆ ನಿಂತಿದೆ.

ಹಳೇ ದುರ್ಬೀನು

ಟಿವಿಗೆ ಇಟ್ಟಿಗೆ ಕೊಡುತ್ತೇನೆ, ಪುಸ್ತಕ ನನಗೆ ಕೊಡಿ. ಗಂಭೀರವಾಗಿ ಹೇಳುತ್ತಿದ್ದೇನೆ.

ಮಾಟುಂಗಾ ಮೈನಾ

ದುರ್ಬೀನಿನ ಬಗ್ಗೆ ಯಾರೂ ಹೇಳಲಿಲ್ಲ? 8x42 ತೆಗೆದುಕೊಳ್ಳಿ (ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತೆ, ಮುಂದಿನ ಗಾಜು 42 ಮಿ.ಮೀ. ಅಗಲ), 8x40 ಆದರೂ ಸರಿ. 20x ಅಂತ ಆಸೆ ಹುಟ್ಟಿಸುವುದು ಬೇಡ, ಮಗುವಿನ ಕೈ ನಡುಗಿದರೆ ಏನೂ ಕಾಣಲ್ಲ. ಮೊದಲ ಎರಡು ತಿಂಗಳು ಅದೂ ಬೇಡ.

ಬಾಣೇರ್ ಅಮ್ಮ

ಎರಡು ವಾರ ಆಯಿತು, ವರದಿ ಒಪ್ಪಿಸಲು ಬಂದೆ.

ಶನಿವಾರ ಅಪ್ಪಾ ಬಳವಂತ ಚೌಕಕ್ಕೆ ಹೋದೆವು. ಮಗಳು ಅಂಗಡಿಯವರಿಗೆ "ಸನ್‌ಬರ್ಡ್ ಪೇಜ್ ತೋರಿಸಿ" ಅಂದಳು. ಅವರು ನನ್ನ ಮುಖ ನೋಡಿದರು. ನಾಲ್ಕು ಪುಸ್ತಕ ತೆಗೆಸಿದಳು. ಎರಡು ಫೇಲು. ಕೊನೆಗೆ ಗ್ರಿಮ್ಮೆಟ್ ಪಾಕೆಟ್ ಗೈಡ್ ತೆಗೆದುಕೊಂಡೆವು, ಟೈ ಹಾಕಿದ ಹಕ್ಕಿ ಅದರಲ್ಲಿ ಸಿಕ್ಕಿತು ಅನ್ನುವ ಒಂದೇ ಕಾರಣಕ್ಕೆ. ಗಿಳಿ ಹಸಿರಾಗಿದೆ. ಪಾಷಾಣ್ ಪಟ್ಟಿ ತೆಗೆದು ಚುಕ್ಕೆ ಹಾಕುವ ಕೆಲಸ ಮೂರು ಸಂಜೆ ನಡೆಯಿತು.

ಹೋದ ಭಾನುವಾರ ಸೋಲಾಪುರ ರಸ್ತೆಯ ಕವಡಿಗೆ ಹೋಗಿದ್ದೆವು. ನದಿ ಗಬ್ಬು ನಾರುತ್ತೆ ಅಂತ ಯಾರೂ ಹೇಳಿರಲಿಲ್ಲ! ನೊರೆ ತೇಲುತ್ತಿದೆ, ಪ್ಲಾಸ್ಟಿಕ್, ಅಂತರಗಂಗೆ. ಅದರ ನಡುವೆ ಕೇಸರಿ ಬಣ್ಣದ ಬಾತುಕೋಳಿಗಳು ರಾಜರ ಹಾಗೆ ಕೂತಿವೆ. ಅವಳು ಪುಸ್ತಕ ತೆರೆದು ರಡ್ಡಿ ಶೆಲ್‌ಡಕ್ ಅಂದಳು. ಪಕ್ಕದಲ್ಲಿದ್ದ ಮರಾಠಿ ಆಜೋಬಾ ಚಕ್ರವಾಕ ಅಂದರು. ಚಕ್ರವಾಕ! ಹಾಡಿನಲ್ಲಿ, ಕಾವ್ಯದಲ್ಲಿ ಕೇಳಿದ ಹೆಸರು. ಅದು ನಿಜವಾದ ಹಕ್ಕಿ ಅಂತ ನನಗೆ ನಲವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು, ಅದೂ ಟೋಲ್ ನಾಕಾ ಹತ್ತಿರ.

ಬಂಡೆ ಮೇಲೆ ಕಪ್ಪು ಬಿಳುಪು ಹಕ್ಕಿ ಬಾಲ ಕುಣಿಸುತ್ತಿತ್ತು. ನಾನು ಆ್ಯಪ್ ತೆಗೆಯುವಷ್ಟರಲ್ಲಿ ಅವಳು ನೋಟ್‌ಬುಕ್ಕಿನಲ್ಲಿ ಬರೆದಾಗಿತ್ತು. "ಬುಲ್‌ಬುಲ್‌ನಷ್ಟು. ಬೆನ್ನು ಕಪ್ಪು. ಹುಬ್ಬು ಬಿಳಿ." ಸ್ವಲ್ಪ ದೂರದಲ್ಲಿ ಇನ್ನೊಂದು, ಅದರ ಬೆನ್ನು ಬೂದಿ, ಮುಖವೆಲ್ಲ ಬಿಳಿ. ಎರಡೂ ಸಿಪಿಲೆಯೇ, ಬೇರೆ ಬೇರೆ. ಮೊದಲನೆಯದು ವೈಟ್-ಬ್ರೋವ್ಡ್, ಇಲ್ಲಿಯದೇ. ಎರಡನೆಯದು ವೈಟ್ ವ್ಯಾಗ್‌ಟೇಲ್, ಚಳಿಗೆ ಬಂದದ್ದು. ಇದನ್ನು ಅವಳೇ ಹೇಳಿದ್ದು, ನಾನಲ್ಲ.

ಒಂದು ಮಾತ್ರ ಸಿಗಲಿಲ್ಲ. ಒಣ ಹುಲ್ಲಿನಲ್ಲಿ ಓಡಾಡುತ್ತಿತ್ತು. ಗುಬ್ಬಿಗಿಂತ ಸ್ವಲ್ಪ ಉದ್ದ, ಕಂದು, ಎದೆ ಮೇಲೆ ಸಣ್ಣ ಸಣ್ಣ ಗೆರೆ, ಕಾಲು ಉದ್ದ. ಆ ಪುಟದಲ್ಲಿ ಎಲ್ಲವೂ ಒಂದೇ ತರ ಇವೆ. ಒಂದು ಗಂಟೆ ಕೂತಿದ್ದಾಳೆ. ಯಾವುದಿರಬಹುದು?

ಕೋಥ್ರೂಡ್ ಕಾಕಾ

ಪಿಪಿಟ್.

ಬಾಣೇರ್ ಅಮ್ಮ

ಅದು ಗೊತ್ತು ಕಾಕಾ. ಯಾವ ಪಿಪಿಟ್ ಅಂತ ಕೇಳುತ್ತಿದ್ದಾಳೆ.

ಹಳೇ ದುರ್ಬೀನು

ಅವಳಿಗೆ ಹೇಳಿ, ನನ್ನ ನೋಟ್‌ಬುಕ್ಕಿನಲ್ಲಿ 1994ರಿಂದ 'ಯಾವುದೋ ಪಿಪಿಟ್' ಅಂತ ಒಂದು ಪುಟ ಇದೆ. ಇವಳೂ ಒಂದು ಪುಟ ಬಿಡಲಿ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಪಾಷಾಣ್ ಕೆರೆ ಗೇಟಿನ ಹತ್ತಿರ ಇರುತ್ತೇನೆ, ಪುಸ್ತಕ ತರಲು ಮರೆಯಬೇಡಿ. ಹಿಂಜವಾಡಿಯವರೇ, ನೀವೂ ಬನ್ನಿ, ಆ ಎರಡು ಸಂಪುಟ ತೆಗೆದುಕೊಂಡು.